ಮೂವತ್ತೊಂದು ಪಾಯಿಂಟ್ ಎಂಟರ ಮೋರಿ

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿರುವ ಈರಣ್ಣನ ಮನೆಗೆ ಹೋದವರಿಗೆ ಕಾಫಿ ಬರುವ ಮೊದಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಶೀಟ್ ಇದೆ. ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಫಿಲ್ಟರ್ ಕಾಫಿಯ ಶೀಟ್. ಬಚ್ಚಲಲ್ಲಿ ಗೀಸರಿನ ಶೀಟ್. ಕರೆಂಟು ಹೋದರೆ ಯಾವ ಸ್ವಿಚ್ಚು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇನ್ನೊಂದು. ಕೆಲಸಕ್ಕೆ ಬರುವ ಸಿಲ್ವಿಯಾಳಿಗಾಗಿ ಸ್ವಾಹಿಲಿಯಲ್ಲೂ ಪ್ರತಿಗಳಿವೆ. ಒಂದೊಂದರ ಕೆಳಗೂ ತಾರೀಖು, ಸಹಿ, ಎಷ್ಟನೇ ಸಲ ತಿದ್ದಿದ್ದು ಎಂಬ ವಿವರ. ಕಾಫಿಯ ಶೀಟನ್ನು ನಾಲ್ಕು ಸಲ ತಿದ್ದಲಾಗಿದೆ. ನಗಬೇಡಿ, ಕಾಫಿ ಮಾತ್ರ ಬಹಳ ಚೆನ್ನಾಗಿರುತ್ತದೆ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿಕೊಂಡದ್ದು. ಹಿರಿಯೂರಿನ ಈರಣ್ಣ ನೈರೋಬಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಬಾಯ್ಲರು, ನೀರು, ಎಸಿ ಎಲ್ಲವೂ ಅವನ ಸುಪರ್ದಿಯಲ್ಲಿ. ಔಷಧಿ ಕಾರ್ಖಾನೆಯೆಂದರೆ ಬರೆದಿಟ್ಟಂತೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ನಡುವೆ ಯಾರಾದರೂ ಸ್ವಂತ ಬುದ್ಧಿ ಓಡಿಸಿದರೆ ಅದಕ್ಕೆ ಡೀವಿಯೇಶನ್ ಎಂದು ಹೆಸರು, ಓಡಿಸಿದವನು ಮೂರು ಪುಟ ಕಾರಣ ಬರೆದುಕೊಡಬೇಕು. ಅಲ್ಲಿ ಅದು ಸರಿಯೇ, ಜನ ನುಂಗುವ ಮಾತ್ರೆ. ಈರಣ್ಣ ಅದನ್ನು ಮನೆಗೂ ತಂದ.

ಮನುಷ್ಯ ಕೆಟ್ಟವನಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ನಮ್ಮವರ ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬಂದು ನಿಲ್ಲುವವನು ಅವನೇ. ಆದರೆ ಸಾರಿಗೆ ಉಪ್ಪು ಹೆಚ್ಚಾದರೆ "ಶೀಟ್ ನೋಡಿದ್ಯಾ?" ಎಂದು ಕೇಳುವ ಗಂಡನ ಜೊತೆ ಇಪ್ಪತ್ತೇಳು ವರ್ಷ ಸಂಸಾರ ಮಾಡುವುದು ತಮಾಷೆಯ ಮಾತಲ್ಲ. ಹೆಂಡತಿ ಗಿರಿಜಾ ಮೈಸೂರಿನವಳು, ಇಲ್ಲಿನ ಶಾಲೆಯೊಂದರಲ್ಲಿ ಕೆಮಿಸ್ಟ್ರಿ ಟೀಚರ್. ಮೊದಮೊದಲು ವಾದ ಮಾಡುತ್ತಿದ್ದಳು. ಆಮೇಲೆ ಬಿಟ್ಟಳು. "ಅವರು ಬರೆದ ಹಾಗೆ ಮಾಡಿದ್ರೆ ಸರಿಯಾಗೇ ಆಗತ್ತೆ, ಅದೇ ಬೇಜಾರು" ಎಂದು ಗೆಳತಿಯರ ಮುಂದೆ ನಗುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದ ಮಗಳು ನಿಹಾರಿಕಾ, "ಅಮ್ಮಾ, ಜಸ್ಟ್ ಇಗ್ನೋರ್ ಹಿಮ್" ಎನ್ನುತ್ತಿದ್ದಳು. ಇಗ್ನೋರ್ ಮಾಡುವುದು ಮಗಳಿಗೆ ಸುಲಭ.

ಐವತ್ತೆರಡನೇ ವಯಸ್ಸಿಗೆ ಈರಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಮೈ ಬೆವರಬೇಕು ಅಂದರು ಡಾಕ್ಟರು. ನಡೆಯುವುದು ಅವನಿಗೆ ಬೇಸರ, ಜಿಮ್ಮೆಂದರೆ ನಾಚಿಕೆ. ಕೊನೆಗೆ ಒಂದು ಗ್ರಾವೆಲ್ ಸೈಕಲ್ ಕೊಂಡ. ನೋಡಲು ರೇಸ್ ಸೈಕಲ್ಲಿನಂತೆ ಬಗ್ಗಿದ ಹ್ಯಾಂಡಲ್, ಆದರೆ ದಪ್ಪ ಟಯರು. ಡಾಂಬರು ಮುಗಿದಲ್ಲಿಂದ ಅದರ ಓಟ ಶುರು. ಕೀನ್ಯಾದಲ್ಲಿ ಅಂಥ ಕೆಂಪು ಗರಸಿನ ರಸ್ತೆಗೆ ಮುರಂ ರಸ್ತೆ ಅನ್ನುತ್ತಾರೆ, ನಮ್ಮ ಕಡೆಯದೇ ಮಾತು. ಆ ಮಾತು ಕೇಳಿದ ದಿನ ಈರಣ್ಣನಿಗೆ ಊರಿನವರು ಸಿಕ್ಕಷ್ಟು ಖುಷಿಯಾಗಿತ್ತಂತೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಬೆನ್ನಿಗೆ ಹನ್ನೆರಡು ಜನರ ಗುಂಪು ಸೇರಿತು. ಎಲ್ಲರೂ ಕನ್ನಡದವರು. ಗುಂಪಿನ ಮುಂದಾಳು ಮಂಗಳೂರಿನ ಡೆಂಜಿಲ್, ಮೂವತ್ತೈದರ ಹಲ್ಲಿನ ಡಾಕ್ಟರು, ಕಾಲಲ್ಲಿ ಬಲವಿದ್ದವನು. ದಾರಿ ಹುಡುಕುವುದು ಮಾತ್ರ ಈರಣ್ಣನ ಕೆಲಸ. ತಾನೊಬ್ಬನೇ ಹೋಗಿ ಎರಡೆರಡು ಸಲ ತುಳಿದು, ಪ್ರತಿ ಕವಲು, ಪ್ರತಿ ಗುಂಡಿ, ಎಲ್ಲಿ ನೀರು ಸಿಗುತ್ತದೆ, ಎಲ್ಲಿ ಕಾಡೆಮ್ಮೆ ಅಡ್ಡ ಬರುತ್ತದೆ ಎಲ್ಲವನ್ನೂ ಕಿಲೋಮೀಟರು ಸಮೇತ ಬರೆದು, ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಹನ್ನೆರಡು ಹೆಬ್ಬೆರಳುಗಳು ಮೇಲೇಳುತ್ತಿದ್ದವು. "ನನ್ನ ಶೀಟ್ ಹಿಡ್ಕೊಂಡು ಹೋದವರು ಯಾರೂ ಬಿದ್ದಿಲ್ಲ" ಎಂದು ಅವನು ಹೇಳಿಕೊಳ್ಳುತ್ತಿದ್ದ, ಮತ್ತು ಅದು ನಿಜವಾಗಿತ್ತು.

ಗುಂಪಿಗೆ ಅಚ್ಚುಮೆಚ್ಚಿನ ದಾರಿಯೆಂದರೆ ಬೆಟ್ಟದ ಪಾರ್ಕು. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿದೆ, ನಮ್ಮವರು ಯಾರೂ ಬಳಸುವುದಿಲ್ಲ. ನೈರೋಬಿಯಿಂದ ಉತ್ತರಕ್ಕೆ ಕಾರಿನಲ್ಲಿ ಮೂರು ಗಂಟೆ. ಕೆಳಗೆ ಬಿದಿರು ಕಾಡು, ಅದರ ಮೇಲೆ ಚಳಿಗಾಳಿಯ ಹುಲ್ಲುಗಾವಲು, ರಸ್ತೆಯ ಮಧ್ಯೆ ಹೊಗೆಯಾಡುವ ಆನೆಲದ್ದಿ. ನಡುವಿನ ದೊಡ್ಡ ಬೆಟ್ಟವನ್ನು ಸುತ್ತಿ ಬರಲು ನಲವತ್ತಾರು ಕಿಲೋಮೀಟರು. ಬೆಟ್ಟವನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕು ಎಂಬುದು ಈರಣ್ಣ ಹಾಕಿದ ನಿಯಮ. ದೇವಸ್ಥಾನಕ್ಕೆ ಯಾರಾದರೂ ಎಡಸುತ್ತು ಹಾಕುತ್ತಾರೆಯೇ, ಹಾಗಿರುವಾಗ ಇಷ್ಟು ದೊಡ್ಡ ಬೆಟ್ಟಕ್ಕೆ ಯಾಕೆ ಹಾಕಬೇಕು ಎಂಬುದು ಅವನ ವಾದ. ಯಾರಿಗೂ ಅಡ್ಡಿಯಿರಲಿಲ್ಲ. ಹದಿನೈದು ಸಲ ಸುತ್ತಿದ್ದ, ಹದಿನೈದು ಸಲವೂ ಪ್ರದಕ್ಷಿಣೆಯೇ. ಬಲಗಡೆ ಯಾವಾಗಲೂ ಬೆಟ್ಟ, ಎಡಗಡೆ ಯಾವಾಗಲೂ ಕಣಿವೆ. ಹದಿನಾಲ್ಕು ಪಾಯಿಂಟ್ ಎರಡನೇ ಕಿಲೋಮೀಟರಿನಲ್ಲಿ ರಸ್ತೆಯಡಿಯ ಒಂದು ಮೋರಿಯ ಅರ್ಧ ಭಾಗ, ಮೇಲಿನ ರಸ್ತೆ ಸಮೇತ, ಮಳೆಗೆ ಕುಸಿದು ಕಣಿವೆಗೆ ಬಿದ್ದಿತ್ತು. ಶೀಟಿನಲ್ಲಿ ಅದಕ್ಕೊಂದು ಸಾಲು: "ಮೋರಿ ಅರ್ಧ ಕುಸಿದಿದೆ. ಬಲಕ್ಕೆ ಹಿಡಿಯಿರಿ. ನಿಲ್ಲಬೇಕಿಲ್ಲ."

ಗಿರಿಜಾ ಅಲ್ಲಿಯವರೆಗೆ ಗುಂಪಿನ ಹಿಂದೆ ಊಟ, ನೀರು ತುಂಬಿದ ಕಾರು ಓಡಿಸುತ್ತಿದ್ದಳು. ಐವತ್ತೆರಡು ತುಂಬಿದ ಮೇಲೆ ತಾನೂ ತುಳಿಯುತ್ತೇನೆಂದು ಹಟ ಹಿಡಿದು, ಎಂಟು ತಿಂಗಳು ನಗರದೊಳಗಿನ ಕರೂರಾ ಕಾಡಿನ ಹಾದಿಗಳಲ್ಲಿ ಅಭ್ಯಾಸ ಮಾಡಿದಳು. ಈ ಸಲದ ಆಗಸ್ಟಿನಲ್ಲಿ ಬೆಟ್ಟದ ಪಾರ್ಕು ಸುತ್ತುವುದು ಅವಳ ಮೊದಲ ದೊಡ್ಡ ಸವಾರಿ. ಗ್ರಹಚಾರಕ್ಕೆ ಅದೇ ಭಾನುವಾರ ಕಾರ್ಖಾನೆಯಲ್ಲಿ ಬಾಯ್ಲರು ಬಿಚ್ಚಿದ್ದರು, ಈರಣ್ಣ ಹೋಗುವಂತಿರಲಿಲ್ಲ.

ಶನಿವಾರ ಸಂಜೆ ಡೆಂಜಿಲ್ ಫೋನ್ ಮಾಡಿದ. "ಸರ್, ಗೇಟಿನ ಎಡಗಡೆ, ನಾವು ಹೊರಡುವ ಕಡೆಯೇ, ಆನೆಗಳು ಮರಿ ಹಾಕಿ ನಿಂತಿವೆಯಂತೆ. ಆ ಕಡೆ ಮಧ್ಯಾಹ್ನದ ಮೇಲೆ ಮಾತ್ರ ಬಿಡ್ತೇವೆ ಅಂತ ರೇಂಜರ್ ಹೇಳ್ತಾರೆ. ಹಾಗಾಗಿ ಉಲ್ಟಾ ಸುತ್ತಿ ಬರುದು, ಆಗಬಹುದಾ?"

"ಎಡಸುತ್ತಾ?" ಎಂದ ಈರಣ್ಣ. ಅವನಿಗೆ ಸರಿಕಾಣಲಿಲ್ಲ. ಆದರೆ ರೇಂಜರ್ ಮಾತಿನ ಮೇಲೆ ಮಾತಿಲ್ಲ. "ಸರಿ, ಅರ್ಧ ಗಂಟೆ ಕೊಡು, ಶೀಟ್ ತಿರುಗಿಸಿ ಕಳಿಸ್ತೀನಿ."

ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೊನೆಯ ಸಾಲನ್ನು ಮೊದಲಿಗೆ ತಂದ. ನಲವತ್ತಾರರಿಂದ ಕಳೆದು ಎಲ್ಲ ಕಿಲೋಮೀಟರುಗಳನ್ನೂ ಹೊಸದಾಗಿ ಬರೆದ. ಐದು ಕವಲುಗಳಲ್ಲಿ ಎಡ ಎಂದಿದ್ದುದನ್ನು ಬಲ ಮಾಡಿದ, ಬಲ ಎಂದಿದ್ದುದನ್ನು ಎಡ ಮಾಡಿದ. ಮೋರಿ ಈಗ ಮೂವತ್ತೊಂದು ಪಾಯಿಂಟ್ ಎಂಟಕ್ಕೆ ಬಂತು. ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿ, ಸಹಿ ಹಾಕಿ, ಗುಂಪಿಗೆ ಕಳಿಸಿದ. ಹೆಂಡತಿಗೆಂದು ಒಂದು ಪ್ರತಿಯನ್ನು ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಅವಳ ಹ್ಯಾಂಡಲ್ಲಿನ ಮುಂದೆ ತಾನೇ ಕಟ್ಟಿದ. "ಇದೊಂದು ನೋಡ್ಕೊಂಡು ಹೋಗು, ಬೇರೇನೂ ಯೋಚನೆ ಮಾಡ್ಬೇಡ" ಎಂದ. ಗಿರಿಜಾ ತಲೆಯಾಡಿಸಿದಳು.

ಭಾನುವಾರ ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಈರಣ್ಣ ಬಾಯ್ಲರಿನ ಹೊಟ್ಟೆಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದ. ಕಾರ್ಖಾನೆಯ ಡ್ರೈವರ್ ಜೋಸೆಫ್ ಫೋನ್ ಹಿಡಿದು ಓಡಿಬಂದ. ಡೆಂಜಿಲ್ ಸಿಗ್ನಲ್ಲಿಗಾಗಿ ಯಾವುದೋ ದಿಬ್ಬ ಹತ್ತಿದ್ದನೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದ.

"ಸರ್, ಆಂಟಿ ಬಿದ್ರು. ಮೋರಿಯಿಂದ ಕೆಳಗೆ. ಮಾತಾಡ್ತಾ ಇದ್ದಾರೆ, ಆದ್ರೆ ಕಾಲು ಗೊತ್ತಾಗುದಿಲ್ಲ ಅಂತಾರೆ. ರೇಂಜರ್‌ಗಳು ಸ್ಟ್ರೆಚರ್ ತಂದಿದ್ದಾರೆ. ಆಂಬುಲೆನ್ಸ್‌ನಲ್ಲಿ ಸೀದಾ ನೈರೋಬಿಗೆ ತರ್ತೇವೆ. ನೀವು ಆಸ್ಪತ್ರೆಗೆ ಬಂದು ನಿಲ್ಲಿ."

ಲೈನು ಕಡಿಯಿತು. ಈರಣ್ಣ ಕೈಯಲ್ಲಿದ್ದ ಟಾರ್ಚನ್ನು ಆರಿಸಬೇಕೆಂದೂ ತೋಚದೆ, ಹಾಗೇ ಉರಿಯುವ ಟಾರ್ಚು ಹಿಡಿದುಕೊಂಡು ಕಾರು ಹತ್ತಿದ. ಜೋಸೆಫ್ ದಾರಿಯುದ್ದಕ್ಕೂ "ಪೋಲೆ, ಪೋಲೆ ಸಾನಾ" ಎಂದು ಸಮಾಧಾನ ಹೇಳುತ್ತಲೇ ಇದ್ದ. ಕಾಲು ಗೊತ್ತಾಗುವುದಿಲ್ಲ ಎಂದರೆ ಏನು ಎಂಬುದು ಈರಣ್ಣನ ತಲೆಗೆ ಹತ್ತಲಿಲ್ಲ. ಹತ್ತಿದಾಗ ಮೋಂಬಾಸಾ ರಸ್ತೆಯ ಮಧ್ಯದಲ್ಲಿ ಮಗಳಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ ಮೂರು ಗಂಟೆ ಕಾಯಬೇಕಿತ್ತು. ಗಾಬರಿಯಾದಾಗ ಕೆಲವರು ಅಳುತ್ತಾರೆ, ಈರಣ್ಣ ಸಿಟ್ಟಾಗುತ್ತಾನೆ. ಮಗಳು ಓಡಿಬಂದು ಪಕ್ಕದಲ್ಲಿ ಕೂತ ಕೂಡಲೇ ಶುರುವಾಯಿತು ಅವನ ಕೂಗಾಟ. "ಅಷ್ಟು ಸ್ಪಷ್ಟವಾಗಿ ಬರೆದಿದೀನಿ. ಕಿಲೋಮೀಟರ್ ಸಮೇತ ಬರೆದಿದೀನಿ. ಓದಿದ್ರೆ ಬೀಳೋ ಮಾತೇ ಇರಲಿಲ್ಲ. ಓದಿಲ್ಲ ನಿಮ್ಮಮ್ಮ."

"ಅಪ್ಪಾ, ಸ್ಟಾಪ್" ಎಂದಳು ನಿಹಾರಿಕಾ.

ಅವನು ನಿಲ್ಲಿಸಲಿಲ್ಲ. ಫೋನ್ ತೆಗೆದು ಸಾಲನ್ನೇ ತೋರಿಸಿದ. "ನೋಡು. ಮೂವತ್ತೊಂದು ಪಾಯಿಂಟ್ ಎಂಟು. ಮೋರಿ ಅರ್ಧ ಕುಸಿದಿದೆ. ಬಲಕ್ಕೆ ಹಿಡಿಯಿರಿ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?" ಮೂರು ಸಲ ಓದಿದ. ಮೂರು ಸಲವೂ ಸರಿಯಾಗಿಯೇ ಇತ್ತು. ಬಲಕ್ಕೆ ಅಂದರೆ ಬೆಟ್ಟದ ಕಡೆ, ಗಟ್ಟಿ ನೆಲ, ಇನ್ನೇನು?

ಮಗಳು ಎದ್ದು ನೀರು ತರಲು ಹೋದಳು. ಈರಣ್ಣ ಕೂರಲಾರದೆ ಉದ್ದನೆಯ ಜಗಲಿಯಲ್ಲಿ ಶತಪಥ ಹಾಕತೊಡಗಿದ. ಜಗಲಿಯ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಬಿ, ಕಂಬಿಯಾಚೆ ಎರಡು ಮಹಡಿ ಕೆಳಗೆ ಕಾರುಗಳು. ಗೋಡೆಯನ್ನು ಬಲಗೈಯಲ್ಲಿ ಸವರುತ್ತಾ ಈ ತುದಿಯಿಂದ ಆ ತುದಿಗೆ ಹೋದ. ಅಲ್ಲಿ ತಿರುಗಿದ. ಮನಸ್ಸಿನಲ್ಲಿ ಅದೇ ಸಾಲು ಓಡುತ್ತಿತ್ತು, ಬಲಕ್ಕೆ ಹಿಡಿಯಿರಿ, ಬಲಕ್ಕೆ ಹಿಡಿಯಿರಿ. ವಾಪಸು ಬರುತ್ತಾ ಗೋಡೆಗೆಂದು ಬಲಗೈ ಚಾಚಿದ. ಕೈಗೆ ಗೋಡೆ ಸಿಗಲಿಲ್ಲ. ಕಂಬಿಯ ಮೇಲಿಂದ ಕೈ ಹೊರಗೆ ಗಾಳಿಗೆ ಹೋಯಿತು.

ಅವನು ಅಲ್ಲೇ ನಿಂತ. ಮತ್ತೆ ಹಿಂದಕ್ಕೆ ತಿರುಗಿದ, ಗೋಡೆ ಬಲಕ್ಕೆ ಬಂತು. ಮುಂದಕ್ಕೆ ತಿರುಗಿದ, ಗೋಡೆ ಎಡಕ್ಕೆ ಹೋಯಿತು. ದೇವರೇ, ಎಂಥ ಸಣ್ಣ ವಿಷಯ. ಒಂದನೇ ಕ್ಲಾಸಿನ ಮಗುವಿಗೆ ತಿಳಿಯುವ ವಿಷಯ. ಕವಲುಗಳನ್ನು ತಿರುಗಿಸಿದ್ದ, ಕಿಲೋಮೀಟರು ತಿರುಗಿಸಿದ್ದ, ಮೋರಿಯ ಬಲವನ್ನು ಎಡ ಮಾಡಿರಲಿಲ್ಲ. ಹದಿನೈದು ಪ್ರದಕ್ಷಿಣೆ ಹಾಕಿದವನಿಗೆ ಬಲವೆಂದರೆ ಬೆಟ್ಟವೇ ಆಗಿಹೋಗಿತ್ತು. ಓದಿದಾಗಲೆಲ್ಲ ಕಣ್ಣಿಗೆ ಕಂಡದ್ದು ಬೆಟ್ಟ, ಕಾಗದದ ಮೇಲಿದ್ದದ್ದು ಕಣಿವೆ. ಈರಣ್ಣ ನೆಲದ ಮೇಲೆ ಕೂತ.

ಆಂಬುಲೆನ್ಸ್ ಬಂತು. ಗಿರಿಜಾಳ ಮುಖದಲ್ಲಿ ಮಣ್ಣು, ಕುತ್ತಿಗೆಗೆ ಪಟ್ಟಿ. ಗಂಡನನ್ನು ನೋಡಿ, "ಬಾಯ್ಲರ್ ಆಯ್ತಾ?" ಎಂದು ಕೇಳಿದಳು. ಅಷ್ಟರಲ್ಲಿ ಒಳಗೆ ಕರೆದೊಯ್ದರು. ಮೂಳೆಯ ಡಾಕ್ಟರು ಸುಶೀಲಾ, ಧಾರವಾಡದವರು, ಮೂವತ್ತು ವರ್ಷದಿಂದ ಇಲ್ಲೇ ಇರುವವರು. ಸ್ಕ್ಯಾನ್ ಮಾಡಿಸಿ ನೋಡಿ ಹೊರಗೆ ಬಂದು ಸುತ್ತು ಬಳಸದೆ ಹೇಳಿದರು. "ಸೊಂಟದ ಮೇಲೆ ಬೆನ್ನುಮೂಳೆ ಪುಡಿಯಾಗಿದೆ. ನರ ತುಂಡಾಗಿಲ್ಲ, ಜಜ್ಜಿದೆ. ಈಗಲೇ ಆಪರೇಷನ್ ಮಾಡ್ತೀನಿ. ನಡೀತಾರೋ ಇಲ್ವೋ ಅಂತ ಇವತ್ತು ನನ್ನನ್ನ ಕೇಳಬೇಡಿ. ನಾಲ್ಕೈದು ದಿನದಲ್ಲಿ ಕಾಲ್ಬೆರಳು ಅಲ್ಲಾಡಿದ್ರೆ ಆಸೆ ಇಟ್ಕೋಬಹುದು."

ಆಪರೇಷನ್ ನಡೆಯುತ್ತಿರುವಾಗ ಡೆಂಜಿಲ್ ಬಂದು ಪಕ್ಕದಲ್ಲಿ ಕೂತ. ಬಟ್ಟೆಯೆಲ್ಲ ಕೆಂಪು ಮಣ್ಣು. ಈರಣ್ಣ ಅವನ ಮುಖ ನೋಡದೆ ಹೇಳಿದ, "ಶೀಟ್ ತಪ್ಪಿತ್ತು ಡೆಂಜಿಲ್. ಬಲಕ್ಕೆ ಅಂತ ಬರೆದಿದ್ದೆ. ನೀವೆಲ್ಲ ಹನ್ನೆರಡು ಜನ ಹೇಗೆ ಉಳಿದ್ರಿ?"

ಡೆಂಜಿಲ್ ಹೆಲ್ಮೆಟ್ಟಿನ ಪಟ್ಟಿ ಎಳೆದ. "ಸರ್, ನಿಮಗೆ ಬೇಜಾರಾಗ್ತದೆ ಅಂತ ಇಷ್ಟು ದಿನ ಹೇಳ್ಲಿಲ್ಲ. ಶೀಟ್ ನಾವು ಯಾರೂ ಓದುದಿಲ್ಲ. ನಾನು ರಸ್ತೆ ನೋಡಿ ಹೋಗ್ತೇನೆ, ಅವರೆಲ್ಲ ನನ್ನ ಚಕ್ರ ನೋಡಿ ಬರ್ತಾರೆ."

"ಒಬ್ರೂ ಓದಲ್ವಾ?"

"ಒಬ್ರೂ ಇಲ್ಲ. ಆಂಟಿ ಒಬ್ರೇ."

ಎರಡು ವರ್ಷ. ನಲವತ್ತು ಶೀಟು. ಪ್ರತಿ ಶೀಟಿಗೂ ಹನ್ನೆರಡು ಹೆಬ್ಬೆರಳು. ಬೇರೆ ದಿನವಾಗಿದ್ದರೆ ಈ ಮಾತಿಗೆ ಈರಣ್ಣ ಒಂದು ತಿಂಗಳು ಮುಖ ಊದಿಸಿಕೊಂಡಿರುತ್ತಿದ್ದ. ಅವನು ಬರೆದುದನ್ನು ಓದುವವರು ಇಡೀ ನೈರೋಬಿಯಲ್ಲಿ ಒಬ್ಬರೇ ಇದ್ದರು, ಅವರು ಈಗ ಒಳಗೆ ಮೇಜಿನ ಮೇಲೆ ಬೋರಲು ಮಲಗಿದ್ದರು.

ಡೆಂಜಿಲ್‌ಗೆ ಇನ್ನೊಂದು ವಿಷಯ ಹೇಳಬೇಕಿತ್ತು. "ಆದ್ರೆ ಸರ್, ನನಗೊಂದು ಅರ್ಥ ಆಗುದಿಲ್ಲ. ಆ ಹೊಂಡ ಸಣ್ಣದಲ್ಲ. ದೂರದಿಂದಲೇ ಕಾಣ್ತದೆ. ಶೀಟ್‌ನಲ್ಲಿ ಏನೇ ಇರ್ಲಿ, ನೋಡಿದ ಯಾರೂ ಆ ಕಡೆ ಹೋಗುದಿಲ್ಲ. ಬ್ರೇಕ್ ಏನಾದ್ರೂ ಹಿಡೀಲಿಲ್ವಾ ಅಂತ."

ಈರಣ್ಣ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬ್ರೇಕು ಹಿಡಿದಿರಲಿಕ್ಕಿಲ್ಲ. ಇಳಿಜಾರು, ಮುರಂ, ಹೊಸಬಳು. ಬ್ರೇಕು ಹೋಗಿದ್ದರೆ ಬಲವೂ ಇಲ್ಲ, ಎಡವೂ ಇಲ್ಲ, ಶೀಟೂ ಇಲ್ಲ. ಹಾಗೆ ಆಸೆ ಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು, ಆದರೂ ಆಸೆ ಬಿಡಲಿಲ್ಲ. ಕೆಳಗೆ ಇಳಿದು ಹೋಗಿ ಡೆಂಜಿಲ್‌ನ ಕಾರಿನ ಮೇಲಿದ್ದ ಹೆಂಡತಿಯ ಸೈಕಲ್ಲನ್ನು ಇಳಿಸಿ ನೋಡಿದ. ಮುಂದಿನ ಚಕ್ರ ಸೊಟ್ಟಗಾಗಿತ್ತು. ಬ್ರೇಕು ಒತ್ತಿದ. ಎರಡೂ ಕಚ್ಚಿ ಹಿಡಿದವು. ಅವುಗಳನ್ನು ಶುಕ್ರವಾರ ಬಿಗಿ ಮಾಡಿದವನು ಅವನೇ.

"ಟಯರ್ ಗುರುತು ನಾನು ನೋಡಿದ್ದೇನೆ" ಎಂದ ಹಿಂದೆ ನಿಂತಿದ್ದ ಡೆಂಜಿಲ್, ಹೇಳಲೋ ಬೇಡವೋ ಎಂಬಂತೆ. "ಜಾರಿದ್ದಲ್ಲ ಸರ್. ರಸ್ತೆ ಮಧ್ಯದಿಂದ ಬಲಕ್ಕೆ ತಿರುಗಿಸಿದ್ದು."

ಮುಂದಿನ ನಾಲ್ಕು ದಿನ ಈರಣ್ಣ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಗಿರಿಜಾ ಬಹುಪಾಲು ಮಂಪರಿನಲ್ಲಿದ್ದಳು. ಅವನು ಹೊದಿಕೆಯ ತುದಿ ಸರಿಸಿ ಅವಳ ಕಾಲ್ಬೆರಳುಗಳನ್ನೇ ನೋಡುತ್ತಾ ಕೂರುತ್ತಿದ್ದ. ನರ್ಸುಗಳು ಊಟ ಮಾಡಿಬನ್ನಿ ಎಂದು ಗದರಿದರೆ ಮಾತ್ರ ಏಳುತ್ತಿದ್ದ. ತಾನು ಬರೆದ ಆರು ಪದ ಒಬ್ಬಳ ಎರಡು ಕಾಲು ತೆಗೆದುಕೊಂಡು ಹೋಗಬಹುದೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಬೇರೇನೂ ಹೊಳೆಯಲಿಲ್ಲ.

ಐದನೇ ದಿನ ಬೆಳಿಗ್ಗೆ ಸುಶೀಲಾ ಬಂದು ಪಾದದ ಅಡಿಗೆ ಬೆರಳಿಟ್ಟು, "ಒತ್ತಿ ನೋಡೋಣ" ಎಂದರು. ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಸ್ವಲ್ಪ ತಡೆದು ಬಲಗಾಲಿನದೂ. ಡಾಕ್ಟರು ಇನ್ನೊಮ್ಮೆ ಮಾಡಿಸಿ ನೋಡಿದರು. "ನಡೀತಾರೆ. ಆರು ತಿಂಗಳೋ, ಒಂದು ವರ್ಷವೋ. ಕೋಲು ಬೇಕಾಗಬಹುದು. ಆದ್ರೆ ನಡೀತಾರೆ."

ಈರಣ್ಣ ಅತ್ತ. ಮಗಳ ಮುಂದೆ, ನರ್ಸಿನ ಮುಂದೆ, ಸಂಕೋಚವೇ ಇಲ್ಲದೆ ಅತ್ತ. ನಿಹಾರಿಕಾ ಅವನ ತಲೆ ತಬ್ಬಿಕೊಂಡು ತಾನೂ ಅತ್ತಳು, ಆಮೇಲೆ ಅಜ್ಜಿಗೆ ಫೋನ್ ಮಾಡಲು ಹೊರಗೆ ಓಡಿದಳು. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಗಿರಿಜಾಳ ಕಣ್ಣು ಅವತ್ತು ತಿಳಿಯಾಗಿತ್ತು. ಈಗ ಹೇಳದಿದ್ದರೆ ಮುಂದೆಂದೂ ಹೇಳಲಾರೆನೆಂದು ಈರಣ್ಣನಿಗೆ ಅನಿಸಿತು.

"ಗಿರಿಜಾ, ಆ ಶೀಟ್‌ನಲ್ಲಿ ನಾನು ತಪ್ಪು ಬರೆದಿದ್ದೆ. ಮೋರಿ ಹತ್ರ ಎಡಕ್ಕೆ ಅಂತ ಇರಬೇಕಿತ್ತು. ಬಲಕ್ಕೆ ಅಂತ ಬಿಟ್ಟಿದ್ದೆ. ನೀನು ಬಿದ್ದಿದ್ದು ನನ್ನಿಂದ."

"ಗೊತ್ತು ರೀ."

"ಡೆಂಜಿಲ್ ಹೇಳಿದ್ನಾ?"

"ಯಾರೂ ಹೇಳಲಿಲ್ಲ. ಅಲ್ಲೇ ಕಾಣ್ತಿತ್ತಲ್ಲ. ಬಲಗಡೆ ರಸ್ತೇನೇ ಇರ್ಲಿಲ್ಲ, ಕೆಳಗೆ ಕಲ್ಲು ಕಾಣ್ತಿತ್ತು. ಎಡಗಡೆ ಎಲ್ಲರ ಟಯರ್ ಗುರುತೂ ಇತ್ತು."

ಈರಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾಗಬಾರದೆಂದೂ ಇತ್ತು. "ಕಾಣ್ತಿತ್ತು ಅಂದ್ರೆ... ಮತ್ತೆ ಬಲಕ್ಕೆ ಯಾಕೆ ಹೋದೆ?"



"ಒಂದು ಸಲ ಬ್ರೇಕ್ ಹಿಡಿದೆ. ಕಾಗದ ನೋಡಿದೆ. ಬಲಕ್ಕೆ ಅಂತ ಬರೆದಿತ್ತು, ನಿಲ್ಲಬೇಕಿಲ್ಲ ಅಂತಾನೂ ಇತ್ತು. ನೀವು ಬರೆದ್ಮೇಲೆ ಇನ್ನೇನು? ನನ್ನ ಕಣ್ಣೇ ಏನೋ ತಪ್ಪು ನೋಡ್ತಿದೆ ಅಂದ್ಕೊಂಡೆ."

ಅವಳ ದನಿಯಲ್ಲಿ ದೂರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೇ.